ಅಪ್‌ಡೇಟ್: ತಾಂಡಾದ ಬೋರ್‌ವೆಲ್ ಮೋಟಾರ್ ಕೊನೆಗೂ ಬಂತು

ಎರಡು ತಿಂಗಳ ಹಿಂದೆ ಇಲ್ಲೇ ಕೇಳಿದ್ದೆ. ಕಲಬುರಗಿ ಜಿಲ್ಲೆ ಚಿಂಚೋಳಿ ಕಡೆಯ ಲಂಬಾಣಿ ಜನರ ತಾಂಡಾ ನಮ್ಮದು, ಸುಮಾರು 80 ಮನೆ. ಪಂಚಾಯಿತಿ ಇರೋದು ಆರು ಕಿಲೋಮೀಟರ್ ದೂರದ ಊರಲ್ಲಿ. ಬೋರ್‌ವೆಲ್ ಮೋಟಾರ್ ಸುಟ್ಟಿದೆ, ಯಾರನ್ನು ಹಿಡಿಯಬೇಕು ಅಂತ.

"ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ (ಅರ್ಜಿ ತಲುಪಿದ ರಸೀದಿ) ತಗೊಳ್ಳಿ, ವಾರ್ಡ್ ಸಭೆ ಕರೆಯಿರಿ ಅನ್ನಿ" ಅಂತ ಒಬ್ಬರು ಹೇಳಿದ್ದರು. ಅದೇ ಕೆಲಸ ಮಾಡಿತು. ವಾರ್ಡ್‌ನ ಮತದಾರರೆಲ್ಲ ಸೇರುವ ಈ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಮ್ಮಲ್ಲಿ ಅದು ಪುಸ್ತಕದಲ್ಲೇ ನಡೆಯುತ್ತಿತ್ತು, ಸಹಿಗೆ ಮಾತ್ರ ಮನೆಮನೆಗೆ ಬರುತ್ತಿದ್ದರು! ಈ ಸಲ ಸೇವಾಲಾಲ್ ಗುಡಿ ಕಟ್ಟೆ ಮೇಲೆ ನಿಜವಾಗಿ ಸೇರಿದೆವು. ಗಂಡಸರು ಅರ್ಧಕ್ಕರ್ಧ ಪುಣೆ, ಮುಂಬೈಗೆ ದುಡಿಯೋಕೆ ಹೋಗಿದ್ದಾರೆ. ಹಾಗಾಗಿ ಹೆಂಗಸರೇ ಜಾಸ್ತಿ. ಖಾಲಿ ಕೊಡಗಳನ್ನು ತಂದು ಸಾಲಾಗಿ ಎದುರಿಗಿಟ್ಟರು, ಮಾತೇ ಆಡಲಿಲ್ಲ. ಒಂಬತ್ತನೇ ದಿನ ಮೋಟಾರ್ ಇಳಿಯಿತು.

"ತಾಂಡಾ ಕಂದಾಯ ಗ್ರಾಮ (ಸರ್ಕಾರಿ ದಾಖಲೆಯಲ್ಲಿ ಪ್ರತ್ಯೇಕ ಊರು) ಆಯ್ತಲ್ವಾ, ಇನ್ನೇನು?" ಅಂತ ಕೇಳಿದ್ದವರಿಗೆ: ಹೌದು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ಕೊಟ್ಟಾಗ ನಮ್ಮ ಮನೆಗೂ ಬಂತು. ಅದು ಮನೆ ಜಾಗಕ್ಕೆ ದಾಖಲೆ, ಅಷ್ಟೇ. ಪಂಚಾಯಿತಿ ಹಳೇದೇ. ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ ಒಂದು ಪಂಚಾಯಿತಿ. ನಾವು ಆ ಲೆಕ್ಕಕ್ಕೆ ಈ ಜನ್ಮದಲ್ಲಿ ಮುಟ್ಟೋಲ್ಲ ಬಿಡಿ.

ಬೀದಿ ದೀಪ ಮಾತ್ರ ಹಾಗೇ ಇದೆ. ಸೋಮವಾರ ಅದರ ಅರ್ಜಿ ಕೊಡುತ್ತಿದ್ದೇವೆ, ಸ್ವೀಕೃತಿ ಸಮೇತ.