ಮೌಸ್, ರ‍್ಯಾಟ್ ಎರಡೂ ‘ಇಲಿ’ಯಾದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗೆಂದು ಶಿವಮೊಗ್ಗದಲ್ಲಿ ತಯಾರಾಗುತ್ತಿರುವ ಪ್ರಯೋಗ ಕೈಪಿಡಿಯ ಕರಡಿನಲ್ಲಿ ಹೀಗಿದೆ: ‘ಜಿಕೆ1.5 ಎಂಬುದು ಇಲಿಯ ಸಿಡಿ4 ಪ್ರೋಟೀನನ್ನು ಗುರುತಿಸುವ ಇಲಿ ಪ್ರತಿಕಾಯ.’ (ಸಿಡಿ4 ಕೆಲವು ಟಿ ಕೋಶಗಳ, ಅಂದರೆ ರೋಗನಿರೋಧಕ ಕೋಶಗಳ, ಮೈಮೇಲಿರುವ ಪ್ರೋಟೀನು; ಪ್ರತಿಕಾಯವೆಂದರೆ ಹೊರಗಿನ ವಸ್ತುವನ್ನು ಗುರುತಿಸಿ ಅಂಟಲು ದೇಹ ತಯಾರಿಸುವ ಪ್ರೋಟೀನು.) ವ್ಯಾಕರಣ ಸರಿಯಿದೆ, ವಿಜ್ಞಾನ ಕೆಟ್ಟಿದೆ. ಮೊದಲನೆಯ ಇಲಿ ಮೌಸ್, ಎರಡನೆಯದು ರ‍್ಯಾಟ್. ತನ್ನದೇ ಪ್ರೋಟೀನಿನ ವಿರುದ್ಧ ದೇಹ ಸಾಮಾನ್ಯವಾಗಿ ಪ್ರತಿಕಾಯ ಮಾಡುವುದಿಲ್ಲ. ಅದಕ್ಕೇ ಮೌಸ್‌ನ ಕೋಶಗಳನ್ನು ರ‍್ಯಾಟ್‌ಗೆ ಚುಚ್ಚಿ, ಆಮೇಲೆ ಅದರ ಗುಲ್ಮದ (ಸ್ಪ್ಲೀನ್) ಕೋಶಗಳನ್ನು ಮೈಲೋಮಾ ಎಂಬ, ಕೊನೆಯಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶಗಳ ಜೊತೆ ಬೆಸೆದು, ಒಂದೇ ಕೋಶದ ಸಂತತಿಯನ್ನು ಆರಿಸಿ ಬೆಳೆಸುತ್ತಾರೆ. ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದ ದಾರಿ ಇದು. ಆ ‘ಒಂದೇ ಸಂತತಿ’ಗೆ ಕರಡಿನಲ್ಲಿರುವ ‘ಏಕತದ್ರೂಪಿ’ ನಡೆಯುತ್ತದೆ, ಅದರ ಬಗ್ಗೆ ತಕರಾರಿಲ್ಲ.

ತಕರಾರು ಇಲಿಯದೇ. ಮೌಸ್ ಗುಲ್ಮದ ಕೋಶಗಳಲ್ಲಿ ಸಿಡಿ4 ಇರುವ ಟಿ ಕೋಶಗಳನ್ನು ಹೊಳೆಯುವ ಬಣ್ಣದಿಂದ ಹುಡುಕುವಾಗ ಅದು ಕಾಡುತ್ತದೆ. ಜಿಕೆ1.5ಕ್ಕೆ ಬಣ್ಣ ಕಟ್ಟಿರದಿದ್ದರೆ ಅದರ ಮೇಲೆ ಕೂರುವ, ಹೊಳೆಯುವ ಎರಡನೆಯ ಪ್ರತಿಕಾಯ ಬೇಕು. ಅದು ರ‍್ಯಾಟ್ ಪ್ರತಿಕಾಯವನ್ನು ಹಿಡಿಯುವಂಥದ್ದಾಗಿರಬೇಕು. ‘ಇಲಿ ವಿರೋಧಿ’ ಎಂದು ಓದಿದ ವಿದ್ಯಾರ್ಥಿ ಮೌಸ್ ವಿರೋಧಿ ಸೀಸೆ ತೆಗೆದರೆ ಅದು ಪ್ರತಿಕಾಯ ತಯಾರಿಸುವ ಬಳಗದ ಬಿ ಕೋಶಗಳ ಮೈಮೇಲಿರುವ ಮೌಸ್ ಪ್ರತಿಕಾಯಗಳಿಗೇ ಅಂಟುತ್ತದೆ. ಮೌಸ್ ಗುಲ್ಮದಲ್ಲಿ ಹೆಚ್ಚುಕಡಿಮೆ ಅರ್ಧ ಬಿ ಕೋಶಗಳೇ. ಹುಡುಕಿದ್ದು ಟಿ ಕೋಶ, ಬೆಳಗಿದ್ದು ಬಿ ಕೋಶ! ರ‍್ಯಾಟ್ ವಿರೋಧಿಯನ್ನೇ ತೆಗೆದರೂ ಮೌಸ್ ಪ್ರತಿಕಾಯಕ್ಕೆ ಅಂಟುವ ಪಾಲನ್ನು ಸೋಸಿ ತೆಗೆದದ್ದಾಗಿರಬೇಕು. ಇನ್ನೊಂದು ತೊಡಕಿದೆ. ಎಫ್‌ಸಿ ಗ್ರಾಹಕಗಳನ್ನು (ಕೆಲವು ಕೋಶಗಳ ಮೈಮೇಲಿದ್ದು, ಪ್ರತಿಕಾಯಗಳ ಬಾಲವನ್ನು ಹಿಡಿಯುವಂಥವು) ಮುಚ್ಚಲು ಮೊದಲ 10 ನಿಮಿಷ ಹಾಕಿಡುವ 2.4ಜಿ2 ಎಂಬ ಪ್ರತಿಕಾಯ ಕೂಡ ರ‍್ಯಾಟ್‌ನದೇ. ಎರಡನೆಯ ಪ್ರತಿಕಾಯ ಅದರ ಮೇಲೂ ಕೂತು, ಸಿಡಿ4 ಇಲ್ಲದ ಕೋಶಗಳೂ ಹೊಳೆಯುತ್ತವೆ. ಹಾಗಾಗಿ 2.4ಜಿ2 ಹಾಕುವುದಾದರೆ ನೇರವಾಗಿ ಬಣ್ಣ ಕಟ್ಟಿದ ಜಿಕೆ1.5 ಬಳಸುವುದೇ ಸರಿ. ಎರಡೂ ಪ್ರಾಣಿಗೆ ಒಂದೇ ಹೆಸರಿಟ್ಟ ಕೈಪಿಡಿಯಲ್ಲಿ ಈ ಎಚ್ಚರಿಕೆ ಬರೆಯುವುದಾದರೂ ಹೇಗೆ?

ಮೌಸ್‌ಗೆ ‘ಸುಂಡಿಲಿ’ ಎನ್ನೋಣವೆಂದರೆ, ಉದ್ದ ಮೂತಿಯ, ವಾಸನೆ ಬೀರುವ ಮೂಗಿಲಿಗೂ ಅದೇ ಹೆಸರು ಹೇಳುವುದುಂಟು; ಮೂಗಿಲಿ ಇಲಿಯ ಬಳಗವೇ ಅಲ್ಲ. ರ‍್ಯಾಟ್‌ಗೆ ‘ಹೆಗ್ಗಣ’ ಆಗದು, ಅದು ಗದ್ದೆಯ ಬದು ತೋಡುವ ಬೇರೆಯೇ ಪ್ರಾಣಿ. 20–30 ಗ್ರಾಂ ತೂಗುವ ಮೌಸ್‌ಗೆ ‘ಚಿಟ್ಟಿಲಿ’ ನನಗೆ ಹಿಡಿಸಿದೆ. ರ‍್ಯಾಟ್‌ಗೆ ‘ದೊಡ್ಡಿಲಿ’ ಎಂದರೆ, ಬರೀ ‘ಇಲಿ’ ಎಂಬುದನ್ನು ಕೈಪಿಡಿಯಿಂದಲೇ ಬಿಡಬಹುದು. ಆಗ ವಾಕ್ಯ ಹೀಗಾಗುತ್ತದೆ: ‘ಚಿಟ್ಟಿಲಿಯ ಸಿಡಿ4ನ್ನು ಹಿಡಿಯುವ, ದೊಡ್ಡಿಲಿಯಿಂದ ಪಡೆದ ಪ್ರತಿಕಾಯ.’

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಹೇಳಿ: ಅಟ್ಟದ ಮೇಲೆ ಓಡಾಡುವ ಸಣ್ಣದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಮೂಗಿಲಿಗೆ ಬೇರೆ ಹೆಸರಿದೆಯೇ?