ಕಿಟಕಿ ಇಲ್ಲದ ಖೋಲಿ, ಬಾಗಿಲ ಮುಂದಿನ ಸ್ವಸ್ತಿಕ

ನಾಜಿಗಳ ಕಾಲದ ಸಂಗತಿಯನ್ನು ಮಕ್ಕಳಿಗೆ ಯಾವ ವಯಸ್ಸಿಗೆ, ಎಲ್ಲಿಂದ ಶುರುಮಾಡಿ ಹೇಳಬೇಕು ಅಂತ ನಮ್ಮ ಬರ್ಲಿನ್ ಕನ್ನಡಿಗರ ಯುಗಾದಿ ಊಟದ ಹೊತ್ತಿಗೆ ಮಾತು ಬಂದಿತ್ತಲ್ಲ, ಅವತ್ತು ನಾನು ಸುಮ್ಮನೆ ಹೋಳಿಗೆ ತಿಂದು ಎದ್ದೆ. ಬರ್ಲಿನ್ನಿಗೆ ಬಂದು ಏಳು ವರ್ಷವಾದರೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹೋದ ತಿಂಗಳು ಒಂದು ಪುಟ್ಟ ಮ್ಯೂಸಿಯಂಗೆ ಹೋಗಿಬಂದ ಮೇಲೆ ಸ್ವಲ್ಪ ಸಿಕ್ಕಿದೆ ಅನಿಸಿತು.

ನಾವೆಲ್ಲ ಮಾಡೋದೇನು? ಊರಿಂದ ನೆಂಟರು ಬಂದರೆ ಬ್ರಾಂಡೆನ್‌ಬರ್ಗ್ ಗೇಟ್ ಪಕ್ಕದ, ನಾಜಿಗಳು ಕೊಂದ ಯಹೂದಿಗಳ ಸ್ಮಾರಕ, ಒಂದು ದಿನ ಪೂರ್ತಿ ಸಿಕ್ಕರೆ ಝಾಕ್ಸನ್‌ಹೌಸನ್ ಅನ್ನೋ ನಾಜಿಗಳ ಸೆರೆಶಿಬಿರ. ಆ ಸ್ಮಾರಕದಲ್ಲಿ 2,711 ಕಾಂಕ್ರೀಟ್ ದಿಮ್ಮಿಗಳಿವೆ. ನನ್ನ ಮಗಳು ಆರು ವರ್ಷದವಳಿದ್ದಾಗ ಅವುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದಳು. ನಾನು ಫೋಟೋ ಬೇರೆ ತೆಗೆದಿದ್ದೆ. ಈಗ ನೋಡಿದರೆ ಮುಜುಗರ ಆಗುತ್ತೆ, ಆದರೆ ಅವಳ ತಪ್ಪಲ್ಲ. ಸತ್ತವರು ಅರವತ್ತು ಲಕ್ಷ ಅನ್ನೋ ಸಂಖ್ಯೆ ಮಗುವಿನ ಕೈಗೆ ಸಿಗೋದಿಲ್ಲ. ನನಗೂ ಸಿಗೋದಿಲ್ಲ.

ನಾವು ಹೋಗಿದ್ದು ಒಟ್ಟೋ ವೈಟ್ ಕುರುಡರ ಕಾರ್ಖಾನೆಯ ಮ್ಯೂಸಿಯಂಗೆ. ಅದು ಹಾಕೆಶರ್ ಮಾರ್ಕ್ಟ್ ಹತ್ತಿರ, ರೋಝೆನ್‌ಟಾಲರ್ ಬೀದಿಯ 39ನೇ ನಂಬರಿನ ಹಿತ್ತಲಲ್ಲಿದೆ. ಗೋಡೆ ತುಂಬ ಗ್ರಾಫಿಟಿ ಇರುವ ಅಂಗಳ ದಾಟಿ ಒಳಗೆ ಹೋಗಬೇಕು. ಯುದ್ಧದ ಕಾಲದಲ್ಲಿ ಇಲ್ಲಿ ಒಟ್ಟೋ ವೈಟ್ ಅನ್ನುವವರ ಪೊರಕೆ, ಬ್ರಷ್ ಮಾಡುವ ಕಾರ್ಖಾನೆ ಇತ್ತು. ಕಾರ್ಖಾನೆ ಅಂದರೆ ಉದ್ದಕ್ಕೆ ಸಾಲಾಗಿ ಒಂದಷ್ಟು ಕೋಣೆಗಳು, ಅಷ್ಟೇ. ವೈಟ್ ಅವರಿಗೇ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಕುರುಡರೋ ಕಿವುಡರೋ ಆದ ಯಹೂದಿಗಳು. ಸೈನ್ಯಕ್ಕೆ ಬ್ರಷ್ ಒದಗಿಸುವ ಕಡೆ ಅಂತ ಕಾರ್ಖಾನೆಗೆ ಸರ್ಕಾರದ ಮಾನ್ಯತೆ ಇತ್ತು. ಅದನ್ನೇ ಮುಂದಿಟ್ಟುಕೊಂಡು, ಕಾಳಸಂತೆಯಲ್ಲಿ ಮಾಲು ಮಾರಿ, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೋದವರಿಗೆ ಲಂಚ ತಿನ್ನಿಸಿ ತಮ್ಮ ಕೆಲಸಗಾರರನ್ನು ಆದಷ್ಟು ದಿನ ಉಳಿಸಿಕೊಂಡರು.

ನನ್ನ ಅವ್ವ ವಿಸಿಟರ್ ವೀಸಾದಲ್ಲಿ ಬಂದಿದ್ದಾಳೆ, ಅವಳನ್ನೂ ಕರ್ಕೊಂಡು ಹೋಗಿದ್ದೆವು. ಅವಳಿಗೆ ಜರ್ಮನ್ನೂ ಬಾರದು, ಇಂಗ್ಲಿಷೂ ಬಾರದು. ಅಲ್ಲಿಟ್ಟಿದ್ದ ಬ್ರಷ್ ನೋಡಿ, ಕೂದಲನ್ನು ತೂತಿಗೆ ಹೇಗೆ ಸಿಗಿಸಿ ಕಟ್ಟಿದ್ದಾರೆ ಅಂತ ಬಗ್ಗಿ ಬಗ್ಗಿ ನೋಡಿದಳು. ಕಣ್ಣಿಲ್ಲದವರು ಮಾಡಿದ್ದು ಅಂದಾಗ, "ಕೈಯಾಗ ಕಣ್ಣಿರ್ತಾವ ಬಿಡು" ಅಂದಳು.

ಕೊನೆಯ ಕೋಣೆಗೆ ಕಿಟಕಿಯೇ ಇಲ್ಲ. 1943ರಲ್ಲಿ ಅಲ್ಲಿ ಹಾರ್ನ್ ಅನ್ನೋ ಯಹೂದಿ ಕುಟುಂಬ ಅಡಗಿತ್ತು: ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬೀರು. ಈಗ ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಬರೀ ಗೋಡೆ. ನನ್ನ ಮಗಳಿಗೆ ಈಗ ಹನ್ನೊಂದು, ಗೂಡಿನಂಥ ಆ ಜಾಗದಲ್ಲಿ ಒಂದು ಸುತ್ತು ತಿರುಗಿ ನಿಂತಳು. ಅವ್ವ ಕೇಳಿದಳು: "ನಾಕ್ ಮಂದಿ ಇಷ್ಟ್ ಸಣ್ಣ ಖೋಲ್ಯಾಗ? ಕೆಮ್ಮು ಬಂದ್ರ ಏನ್ ಮಾಡ್ತಿದ್ರೋ?" ನಮಗ್ಯಾರಿಗೂ ಹೊಳೆದಿರಲಿಲ್ಲ ಅದು. ಮಗಳು ಆಮೇಲೆ ಮೆಟ್ರೋದಲ್ಲೂ ಅದನ್ನೇ ಕೇಳುತ್ತಿದ್ದಳು. ಅಕ್ಟೋಬರಿನಲ್ಲಿ ಯಾರೋ ಸುಳಿವು ಕೊಟ್ಟು ಅವರು ಸಿಕ್ಕಿಬಿದ್ದರು, ನಾಜಿಗಳ ಕೊಲೆಶಿಬಿರ ಆಶ್ವಿಟ್ಸ್‌ಗೆ ಕಳಿಸಿದರು, ಯಾರೂ ವಾಪಸ್ ಬರಲಿಲ್ಲ. ಇದನ್ನು ಮಗಳಿಗೆ ಮುಚ್ಚಿಡಲಿಲ್ಲ. ಬದುಕಿದವರೂ ಇದ್ದಾರೆ. ಅಲ್ಲಿ ಗುಮಾಸ್ತೆಯಾಗಿದ್ದ ಇಂಗೆ ಡಾಯ್ಚ್‌ಕ್ರೋನ್ ತಾಯಿಯ ಜೊತೆ ತಲೆಮರೆಸಿಕೊಂಡು ಯುದ್ಧ ಮುಗಿಸಿದರು, 2022ರಲ್ಲಿ ತೀರಿಕೊಂಡರು. ಆಲೀಸ್ ಲಿಖ್ಟ್ ಅನ್ನುವವರು ಆಶ್ವಿಟ್ಸ್‌ಗೆ ಹೋಗುವ ರೈಲಿನಿಂದ ಒಂದು ಕಾರ್ಡ್ ಎಸೆದರು. ಅದು ವೈಟ್ ಕೈಗೆ ತಲುಪಿತು. ಈ ಮನುಷ್ಯ ಬ್ರಷ್ ಮಾರೋ ನೆಪ ಹಿಡಿದು ಆಶ್ವಿಟ್ಸ್‌ವರೆಗೆ ಹೋದರು! ಆಲೀಸ್ ಮುಂದೆ ಇನ್ನೊಂದು ಶಿಬಿರದಿಂದ ತಪ್ಪಿಸಿಕೊಂಡು ಬಂದು ಬದುಕಿದರು. ಮಗಳು ತಾನೇ ತನ್ನ ಗೆಳತಿಗೆ ಹೇಳಿದ ಕಥೆ ಇದೊಂದೇ.

ಇನ್ನು, ಇಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಮನೆಗೆ ಬಂದ ಮೇಲೆ ಮಗಳು ಪೂಜೆ ಪೆಟ್ಟಿಗೆಯ ಮೇಲಿನ ಸ್ವಸ್ತಿಕ ತೋರಿಸಿ, "ಇದು ಅದೇನಾ?" ಅಂದಳು. ನಾನು ಹಿಂದೆ ಎಲ್ಲರಿಗೂ ಹೇಳುತ್ತಿದ್ದ ಮಾತು, "ನಮ್ಮದು ಬೇರೆ ದಿಕ್ಕಿಗೆ ತಿರುಗಿರುತ್ತೆ" ಅಂತ. ಸುಳ್ಳು ಅದು. ನಾವು ಮನೆಯಲ್ಲಿ ಬಿಡಿಸೋದೂ ಬಲಕ್ಕೇ ತಿರುಗಿರುತ್ತೆ, ನಾಜಿಗಳದ್ದೂ ಬಲಕ್ಕೇ. ಅವರದನ್ನು ಸಾಮಾನ್ಯವಾಗಿ ಓರೆಯಾಗಿ ನಿಲ್ಲಿಸಿರುತ್ತಿದ್ದರು, ಅಷ್ಟೇ. ಶಾಲೆಯಲ್ಲಿ ಜಾಣ ಹುಡುಗರು ಎರಡು ನಿಮಿಷದಲ್ಲಿ ಹಿಡಿದುಹಾಕುತ್ತಾರೆ. ನಮ್ಮದು ಎಷ್ಟೋ ಹಳೆಯದು, ನಮ್ಮ ಅರ್ಥ ಬೇರೆ, ಆದರೆ ಈ ಊರಿನಲ್ಲಿ ಅದನ್ನು ಕಂಡವರ ಎದೆ ಝಲ್ಲೆನ್ನಲು ಕಾರಣ ಇದೆ ಅಂತ ಹೇಳಿದೆ. ಇಲ್ಲಿನ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು ನಿಷೇಧಿಸುತ್ತದೆ. ನಮ್ಮ ದೇವರಮನೆಗೆ ಪೊಲೀಸರು ಬರೋದಿಲ್ಲ. ಆದರೆ ಗೃಹಪ್ರವೇಶದ ದಿನ ಮೆಟ್ಟಿಲ ಮೇಲೆ ಅರಿಶಿನ ಕುಂಕುಮದಲ್ಲಿ ನಾನು ಅದನ್ನೇ ಬಿಡಿಸಿದ್ದೆ, ಮೇಲಿನ ಮನೆಯ ಮುದುಕಿ ಒಂದು ನಿಮಿಷ ನಿಂತು ನೋಡಿ ಹೋಗಿದ್ದರು. ಏನೂ ಅನ್ನಲಿಲ್ಲ. ಈಗ ಹೊರಗೆ ಚುಕ್ಕಿ ರಂಗೋಲಿ ಮಾತ್ರ, ಸ್ವಸ್ತಿಕ ದೇವರ ಮುಂದೆ. ಇದು ನಮ್ಮ ಮನೆ ಲೆಕ್ಕ. ಯಾಕೆ ಹೆದರಬೇಕು ಅನ್ನುವವರು ಇಲ್ಲಿದ್ದಾರೆ, ಜಗಳ ಆಡೋಣ ಬನ್ನಿ.

ಮ್ಯೂಸಿಯಂಗೆ ಟಿಕೆಟ್ ಇಲ್ಲ, ಉಚಿತ. ಗಂಟೆಯೊಳಗೆ ನೋಡಿ ಮುಗಿಸಬಹುದು. ನಾಜಿಗಳಿಂದ ಅಡಗಿಕೊಂಡು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಹೆಸರಿನ ಕೇಂದ್ರವೂ ಅದೇ ಅಂಗಳದಲ್ಲಿದೆ, ಆದರೆ ಒಂದೇ ದಿನ ಎರಡನ್ನೂ ಮಕ್ಕಳ ತಲೆಗೆ ತುಂಬಬೇಡಿ. ಕನ್ನಡ ತರಗತಿಯ ಮಕ್ಕಳನ್ನೆಲ್ಲ ಒಟ್ಟಿಗೆ ಕರ್ಕೊಂಡು ಹೋಗೋಣ ಅಂತ ಒಬ್ಬರು ಫೋನ್ ಮಾಡಿದ್ದರು. ಬೇಡ. ಇಪ್ಪತ್ತು ಮಕ್ಕಳು ಒಳಗೆ ಹೋದರೆ ಆ ಕೊನೆಯ ಖೋಲಿಯಲ್ಲಿ ಯಾರಿಗೂ ಏನೂ ಕಾಣೋದಿಲ್ಲ. ಎರಡೆರಡು ಮನೆಯವರು ಸೇರಿ ಹೋಗಿ, ಅಜ್ಜಿ ಇದ್ದರೆ ಅವರನ್ನೂ ಕರ್ಕೊಂಡು.