ಕೆಂಪು ಹೆಣ್ಣು ಕುದುರೆ ನಿಜಕ್ಕೂ ಸಿಡುಕಿಯೇ?

ಪ್ರಶ್ನೆ

ಮೂರು ವರ್ಷಗಳಿಂದ ಬೆಂಗಳೂರಿನ ಹೊರವಲಯದಲ್ಲಿ ಕುದುರೆ ಸವಾರಿ ಕಲಿಯುತ್ತಿರುವ ನಾನು, ರೇಸಿನಿಂದ ನಿವೃತ್ತವಾದ ಒಂದು ಥರೋಬ್ರೆಡ್ ಕುದುರೆಯನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಆರು ವರ್ಷದ ಹೆಣ್ಣು. ಬಣ್ಣ ಚೆಸ್ಟ್‌ನಟ್, ಅಂದರೆ ಮೈಯಿಂದ ಬಾಲದವರೆಗೆ ಎಲ್ಲಿಯೂ ಕಪ್ಪಿಲ್ಲದ ಕೆಂಪು. ನೋಡಲು ಹೋದ ದಿನ ಅದು ನನ್ನ ಅಂಗೈ ಮೂಸಿ, ಅಂಗಿಯ ಜೇಬಿನಲ್ಲಿದ್ದ ಕ್ಯಾರೆಟ್ ತುಂಡನ್ನು ತಾನೇ ಹುಡುಕಿ ತೆಗೆಯಿತು. ಆದರೆ ಜೀನು ಹಾಕಿ ಹೊಟ್ಟೆಯ ಪಟ್ಟಿ ಬಿಗಿಯುವಾಗ ಮಾತ್ರ ಕಿವಿಗಳನ್ನು ಹಿಂದಕ್ಕೊತ್ತಿ, ಕುದುರೆ ನೋಡಿಕೊಳ್ಳುವ ಸೈಸ್‌ನ ತೋಳಿಗೆ ಬಾಯಿ ಹಾಕಲು ಬಂತು. ಆತ ಪಕ್ಕಕ್ಕೆ ಸರಿದು, "ಕೆಂಪು, ಅದರಲ್ಲೂ ಹೆಣ್ಣು. ಬೇಡಿ ಸಾರ್, ಒಳ್ಳೆಯ ಬೇ ಗೆಲ್ಡಿಂಗ್ ಸಿಗುವವರೆಗೆ ಕಾಯಿರಿ" ಎಂದ. ಬೇ ಎಂದರೆ ಕಂದು ಮೈ, ಕಪ್ಪು ಬಾಲದ ಕುದುರೆ; ಗೆಲ್ಡಿಂಗ್ ಎಂದರೆ ಬೀಜ ತೆಗೆಸಿದ ಗಂಡು. ಇಪ್ಪತ್ತು ವರ್ಷ ಲಾಯದಲ್ಲೇ ದುಡಿದವನ ಮಾತನ್ನು ತಳ್ಳಿಹಾಕಲು ಮನಸ್ಸಾಗುತ್ತಿಲ್ಲ. ಬಣ್ಣ ಮತ್ತು ಲಿಂಗವನ್ನು ನೋಡಿ ಕುದುರೆಯ ಸ್ವಭಾವವನ್ನು ಮುಂಚಿತವಾಗಿ ಹೇಳಲು ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಾನು ಪಶುವೈದ್ಯ, ಕುದುರೆಗಳ ಚಿಕಿತ್ಸೆಯೇ ನನ್ನ ಮುಖ್ಯ ಕೆಲಸ. ಬಣ್ಣದ ವಿಷಯವನ್ನಷ್ಟೇ ಹೇಳುತ್ತೇನೆ.

ಕುದುರೆಯ ಮೂಲಬಣ್ಣ ಎರಡು ಜೀನ್‌ಗಳ ಕೈಯಲ್ಲಿದೆ. ಕಪ್ಪು ವರ್ಣಕ ತಯಾರಾಗಬೇಕೇ ಬೇಡವೇ ಎಂಬುದನ್ನು ಎಂಸಿ1ಆರ್ ನಿರ್ಧರಿಸಿದರೆ, ತಯಾರಾದ ಕಪ್ಪು ಮೈಯೆಲ್ಲ ಹರಡಬೇಕೇ ಅಥವಾ ಬೇ ಕುದುರೆಯಲ್ಲಿರುವಂತೆ ಕಾಲು, ಬಾಲ ಮತ್ತು ಕತ್ತಿನ ಕೂದಲಿಗಷ್ಟೇ ನಿಲ್ಲಬೇಕೇ ಎಂಬುದನ್ನು ಎಎಸ್‌ಐಪಿ ನಿರ್ಧರಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಎಂಸಿ1ಆರ್‌ನ ಕೆಲಸ ಮಾಡದ ಪ್ರತಿಯೇ ಬಂದರೆ ಮರಿ ಚೆಸ್ಟ್‌ನಟ್ ಆಗುತ್ತದೆ. ಆದ್ದರಿಂದಲೇ ಎರಡು ಬೇ ಕುದುರೆಗಳಿಗೆ ಕೆಂಪು ಮರಿ ಹುಟ್ಟಬಹುದು, ಎರಡು ಕೆಂಪು ಕುದುರೆಗಳಿಗೆ ಬೇ ಮರಿ ಹುಟ್ಟಲಾರದು. ಒಂದೇ ತಂದೆತಾಯಿಗೆ ಹುಟ್ಟಿ, ಒಂದೇ ಲಾಯದಲ್ಲಿ ಬೆಳೆದ ಎರಡು ಮರಿಗಳಲ್ಲಿ ಒಂದು ಕೆಂಪು, ಇನ್ನೊಂದು ಬೇ ಆಗುವುದು ದಿನನಿತ್ಯದ ಸಂಗತಿ.

ಹಾಗಿದ್ದರೂ ಬಣ್ಣದ ಜೀನಿಗೂ ನಡತೆಗೂ ನಂಟಿರಬಹುದೇ ಎಂಬ ಪ್ರಶ್ನೆ ಮೂರ್ಖತನದ್ದಲ್ಲ, ಏಕೆಂದರೆ ಎಂಸಿ1ಆರ್ ಸೇರಿರುವ ಗ್ರಾಹಕಗಳ (ಜೀವಕೋಶಕ್ಕೆ ಬರುವ ರಾಸಾಯನಿಕ ಸಂದೇಶಗಳನ್ನು ಹಿಡಿಯುವ ಪ್ರೋಟೀನ್‌ಗಳ) ಕುಟುಂಬದ ಬೇರೆ ಸದಸ್ಯರು ಮೆದುಳಿನಲ್ಲಿಯೂ ಕೆಲಸ ಮಾಡುತ್ತವೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಚೆಸ್ಟ್‌ನಟ್ ಮತ್ತು ಬೇ ಕುದುರೆಗಳ ನಡತೆಯ ಬಗ್ಗೆ ಮಾಲೀಕರನ್ನೇ ಕೇಳಿ 2016ರಲ್ಲಿ ಒಂದು ಪ್ರಾಥಮಿಕ ಅಧ್ಯಯನವನ್ನು ಪ್ರಕಟಿಸಿದರು. ಕೆಂಪು ಕುದುರೆಗಳನ್ನು ಪಳಗಿಸುವುದು ಹೆಚ್ಚು ಕಷ್ಟ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಸುತ್ತಲಿನ ವಸ್ತುಗಳ ಮತ್ತು ಪ್ರಾಣಿಗಳ ಹತ್ತಿರ ತಾವಾಗಿಯೇ ಹೋಗುವ ಧೈರ್ಯ ಅವುಗಳಿಗೆ ಸ್ವಲ್ಪ ಹೆಚ್ಚು ಎಂಬುದಷ್ಟೇ ಕಂಡುಬಂತು. ನಿಮ್ಮ ಜೇಬಿಗೆ ಮೂತಿ ಹಾಕಿದ ಕುದುರೆಯನ್ನು ಓದಿ ಇದು ನೆನಪಾಯಿತು. ಒಂದು ಕ್ಯಾರೆಟ್ಟಿನ ಮೇಲೆ ಸಿದ್ಧಾಂತ ಕಟ್ಟಬಾರದು, ನಿಜ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ತಳಿಗಳಲ್ಲಿದೆ. ಇಂಗ್ಲೆಂಡಿನಲ್ಲಿ ನೇಗಿಲು ಎಳೆಯಲೆಂದು ಬೆಳೆಸಿದ ಸಫೋಕ್ ಪಂಚ್ ತಳಿಯಲ್ಲಿ ಕೆಂಪಲ್ಲದ ಕುದುರೆಯೇ ಇಲ್ಲ. ಆಲ್ಪ್ಸ್‌ನ ಟಿರೋಲ್ ಬೆಟ್ಟಗಳ ಹಾಫ್ಲಿಂಗರ್‌ಗಳೂ ತಳಿಗೆ ತಳಿಯೇ ಚೆಸ್ಟ್‌ನಟ್. ಈ ಎರಡೂ ಸೌಮ್ಯ ಸ್ವಭಾವಕ್ಕೆ ಹೆಸರಾದವು. ಕೆಂಪು ಬಣ್ಣದ ಜೀನೇ ಸಿಡುಕಿಗೆ ಕಾರಣವಾಗಿದ್ದರೆ ಸಫೋಕ್‌ನ ರೈತರು ತಲೆಮಾರುಗಳ ಕಾಲ ಹೊಲ ಉಳುವುದು ಹೇಗೆ ಸಾಧ್ಯವಿತ್ತು? ಥರೋಬ್ರೆಡ್ ಮತ್ತು ಅರಬ್ಬಿ ತಳಿಗಳು ಮೊದಲೇ ಚುರುಕು ರಕ್ತದವು, ಅವುಗಳಲ್ಲಿ ಚೆಸ್ಟ್‌ನಟ್‌ಗಳೂ ಬಹಳ. ತಳಿಯ ಗುಣವನ್ನು ನಾವು ಬಣ್ಣದ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ.

ಬಣ್ಣದ ಜೀನು ನಿಜವಾಗಿ ನಡತೆಯನ್ನು ತಟ್ಟುವ ಕೆಲವು ಪ್ರಸಂಗಗಳಿವೆ, ಆದರೆ ಅವು ಕಣ್ಣು ಕಿವಿಗಳ ಮೂಲಕ ಬರುತ್ತವೆ. ಅಪಲೂಸಾ ತಳಿಯ ಚುಕ್ಕೆಗಳಿಗೆ ಕಾರಣವಾದ ಜೀನಿನ ಎರಡೂ ಪ್ರತಿಗಳಿದ್ದರೆ ಆ ಕುದುರೆಗೆ ಹುಟ್ಟಿನಿಂದಲೇ ಇರುಳುಗುರುಡು. ಕೆಲವು ಬಗೆಯ ಬಿಳಿ ಮಚ್ಚೆಗಳ ಜೊತೆ ಕಿವುಡುತನವೂ ಬರುವುದುಂಟು. ಕತ್ತಲಲ್ಲಿ ಬೆದರುವ, ಕರೆದರೆ ತಿರುಗದ ಇಂಥ ಕುದುರೆಗಳನ್ನು ಜನ ಹಟಮಾರಿ ಎನ್ನುತ್ತಾರೆ. ಚೆಸ್ಟ್‌ನಟ್‌ಗೆ ಇಂಥ ಯಾವ ತೊಂದರೆಯೂ ಅಂಟಿಕೊಂಡಿಲ್ಲ.

ಪಟ್ಟಿ ಬಿಗಿಯುವಾಗ ಕಚ್ಚಲು ಬಂತು ಎಂದಿರಲ್ಲ, ನನ್ನ ಗಮನ ಅಲ್ಲಿಗೆ ಹೋಯಿತು. ರೇಸಿನ ತರಬೇತಿಯಲ್ಲಿರುವ ಥರೋಬ್ರೆಡ್‌ಗಳಲ್ಲಿ ಹೊಟ್ಟೆಯ ಹುಣ್ಣು ಬಹಳ ಸಾಮಾನ್ಯ. ಕಾಳು ಹೆಚ್ಚು, ಹುಲ್ಲು ಕಡಿಮೆ, ಗಂಟೆಗಟ್ಟಲೆ ಖಾಲಿ ಹೊಟ್ಟೆ ಎಂಬ ದಿನಚರಿಯಲ್ಲಿ ಅದು ಬರದಿದ್ದರೇ ಆಶ್ಚರ್ಯ. ಕೊಳ್ಳುವ ಮುಂಚೆ ಎಂಡೋಸ್ಕೋಪಿ ಮಾಡಿಸಿ. ಬೆನ್ನು ಮತ್ತು ಹಲ್ಲುಗಳನ್ನೂ ತೋರಿಸಿ.

ಉತ್ತರ 2

ನಾನು ಸವಾರಿ ಕಲಿಸುತ್ತೇನೆ. ವೈದ್ಯರು ಬಿಟ್ಟ ಲಿಂಗದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬಣ್ಣದಂತೆ ಇದನ್ನು ಪೂರ್ತಿ ತಳ್ಳಿಹಾಕಲಾಗದು.

ಹೆಣ್ಣು ಕುದುರೆಯ ಋತುಚಕ್ರ ಸುಮಾರು 21 ದಿನಗಳದ್ದು. ಅದರಲ್ಲಿ ಐದರಿಂದ ಏಳು ದಿನ ಬೆದೆ. ಆ ದಿನಗಳಲ್ಲಿ ಕೆಲವು ಕುದುರೆಗಳು ಪಕ್ಕೆ ಮುಟ್ಟಿದರೆ ಬಾಲ ಬೀಸುತ್ತವೆ, ಪದೇ ಪದೇ ಮೂತ್ರ ಮಾಡುತ್ತವೆ, ಗಮನ ಕೊಡುವುದಿಲ್ಲ. ಉಳಿದವುಗಳಲ್ಲಿ ಬೆದೆ ಬಂದದ್ದೇ ಸವಾರನಿಗೆ ತಿಳಿಯುವುದಿಲ್ಲ. ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ನಿಮ್ಮ ಕುದುರೆ ಯಾವ ಗುಂಪಿನದು ಎಂಬುದು ಸ್ಪಷ್ಟವಾಗುತ್ತದೆ. ಸಿಡುಕು 21 ದಿನಗಳ ತಾಳಕ್ಕೆ ಬರದೆ ದಿನವೂ ಇದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕು.

ಬೀಜ ತೆಗೆಸಿದ ಗೆಲ್ಡಿಂಗ್‌ಗಳಲ್ಲಿ ಈ ಏರಿಳಿತವಿಲ್ಲದ ಕಾರಣ ಹೊಸಬರಿಗೆ ಅವು ಅನುಕೂಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬೀಜ ತೆಗೆಸಿದ ಮೇಲೂ ಗಂಡು ಕುದುರೆಯ ನಡತೆಯನ್ನು ಬಿಡದ ಗೆಲ್ಡಿಂಗ್‌ಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಇನ್ನೊಂದು ಕಡೆ, ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಪ್ರದರ್ಶನಗಳಲ್ಲಿ ಸಾಲಾಗಿ, ಒಂದರ ಪಕ್ಕ ಒಂದು ಹೆಜ್ಜೆ ಹಾಕುವ ಲಿಪಿಜಾನರ್ ತಳಿಯ ಕುದುರೆಗಳೆಲ್ಲ ಬೀಜ ತೆಗೆಸದ ಗಂಡುಗಳೇ. ವರ್ಷಗಳ ತಾಳ್ಮೆಯ ತರಬೇತಿ ಹಾರ್ಮೋನನ್ನೂ ಹದಕ್ಕೆ ತರುತ್ತದೆ.

ನಮ್ಮ ನಿರೀಕ್ಷೆಯ ಪಾತ್ರವೂ ಸಣ್ಣದಲ್ಲ. ಸಾವಿರಕ್ಕೂ ಹೆಚ್ಚು ಸವಾರರಿಗೆ ಕಾಲ್ಪನಿಕ ಕುದುರೆಗಳ ವಿವರ ಕೊಟ್ಟು ಅಭಿಪ್ರಾಯ ಕೇಳಿದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕುದುರೆಯನ್ನು ನೋಡದೆಯೇ ಕೇವಲ ಲಿಂಗದ ಆಧಾರದ ಮೇಲೆ ಜನ ಗುಣಗಳನ್ನು ಹಂಚಿದರು. ಗೆಲ್ಡಿಂಗ್‌ಗೆ ನಂಬಿಕಸ್ಥನ ಪಟ್ಟ, ಹೆಣ್ಣಿಗೆ ಮುಂಗೋಪಿಯ ಪಟ್ಟ. ಕಚ್ಚುತ್ತದೆ ಎಂದುಕೊಂಡು ಹತ್ತಿರ ಹೋಗುವವನು ಲಗಾಮನ್ನು ಮೊದಲೇ ಬಿಗಿ ಹಿಡಿದಿರುತ್ತಾನೆ, ಪಟ್ಟಿಯನ್ನು ಅವಸರದಲ್ಲಿ ಎಳೆಯುತ್ತಾನೆ. ಅದು ಕುದುರೆಗೆ ತಿಳಿಯದೇ ಇರುತ್ತದೆಯೇ? ನಿಮ್ಮ ಸೈಸ್‌ನ ಅನುಭವ ಸುಳ್ಳಲ್ಲ. ಕಚ್ಚಿದ ಕೆಂಪು ಕುದುರೆ ಇಪ್ಪತ್ತು ವರ್ಷ ನೆನಪಿನಲ್ಲಿ ಉಳಿಯುತ್ತದೆ, ಕಚ್ಚಿದ ಬೇ ಕುದುರೆಯನ್ನು "ಅವತ್ತು ಅದಕ್ಕೆ ಏನೋ ಆಗಿತ್ತು" ಎಂದು ಮರೆಯುತ್ತೇವೆ.

ಉತ್ತರ 3

ಇಬ್ಬರೂ ಹಿರಿಯರ ಜ್ಞಾನವನ್ನು ತುಸು ಹಗುರವಾಗಿ ಕಂಡಂತಿದೆ. ನಮ್ಮ ತಾತನವರು ಜಟಕಾ ಓಡಿಸುತ್ತಿದ್ದರು. ಅವರು ಕುದುರೆ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸುಳಿ ನೋಡುತ್ತಿದ್ದರು, ನಾಲ್ಕು ಕಾಲೂ ಮುಖವೂ ಬಿಳಿಯಾದ ಪಂಚಕಲ್ಯಾಣಿಯಾದರೆ ಹತ್ತು ರೂಪಾಯಿ ಹೆಚ್ಚು ಕೊಡಲೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಇವೆಲ್ಲ ಬರೀ ಮೂಢನಂಬಿಕೆಯೇ?

ಉತ್ತರ 1ರ ಪಶುವೈದ್ಯರು, ಮತ್ತೆ

ಸುಳಿಯ ವಿಷಯದಲ್ಲಿ ನಿಮ್ಮ ತಾತನವರಿಗೆ ಅರ್ಧ ಅಂಕ ಕೊಡುತ್ತೇನೆ. ಪೋಲೆಂಡಿನ ಕೋನಿಕ್ ಕುದುರೆಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಹಣೆಯ ಸುಳಿ ಕಣ್ಣುಗಳ ಮಟ್ಟಕ್ಕಿಂತ ಮೇಲಿದ್ದವುಗಳನ್ನು ನಿಭಾಯಿಸುವುದು ಹೆಚ್ಚು ಕಷ್ಟವಾಗಿತ್ತು. ಭ್ರೂಣದಲ್ಲಿ ಚರ್ಮ ಮತ್ತು ನರಮಂಡಲ ಒಂದೇ ಪದರದಿಂದ ಬೆಳೆಯುವುದರಿಂದ ಇಂಥ ನಂಟು ಅಸಾಧ್ಯವೇನಲ್ಲ. ಆದರೆ ಸುಳಿಶಾಸ್ತ್ರ ಹೇಳುವುದು ಬಹುಮಟ್ಟಿಗೆ ಯಜಮಾನನ ಅದೃಷ್ಟವನ್ನು, ಕುದುರೆಯ ಸ್ವಭಾವವನ್ನಲ್ಲ. ಪಂಚಕಲ್ಯಾಣಿಯ ಚೆಲುವಿಗೆ ಹತ್ತು ರೂಪಾಯಿ ಕೊಟ್ಟದ್ದರಲ್ಲಿ ತಪ್ಪಿಲ್ಲ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಹೊಟ್ಟೆಯಲ್ಲಿ ಹುಣ್ಣುಗಳಿರುವುದು ಎಂಡೋಸ್ಕೋಪಿಯಲ್ಲಿ ಕಂಡಿತು. ಒಂದು ತಿಂಗಳು ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೊಟ್ಟು, ದಿನವಿಡೀ ಹುಲ್ಲು ಸಿಗುವಂತೆ ಮಾಡಿ, ಆಮೇಲೆ ಮತ್ತೆ ನೋಡೋಣ ಎಂದಿದ್ದಾರೆ. ಮಾಲೀಕರು ಅಲ್ಲಿಯವರೆಗೆ ಕಾಯಲು ಒಪ್ಪಿದ್ದಾರೆ. ಸೈಸ್‌ಗೆ ಎಂಡೋಸ್ಕೋಪಿಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ಹೊಟ್ಟೆನೋವಿದ್ದರೆ ಯಾರಾದರೂ ಕಚ್ಚುತ್ತಾರೆ. ಆದರೂ ಕೆಂಪು ಕೆಂಪೇ ಸಾರ್" ಎಂದ.